ಗ್ರಂಥಾಲಯದ ಬುಕ್ ಕ್ಲಬ್ ಕಿಟ್: ಒಂದೇ ಚೀಲದಲ್ಲಿ ಇಡೀ ಕೂಟ

ಹಲವು ಸಾರ್ವಜನಿಕ ಗ್ರಂಥಾಲಯಗಳು ಓದುಗರ ಕೂಟಗಳಿಗೆಂದೇ ಎರವಲು ಕೊಡುವ ಈ ಕಿಟ್‌ನಲ್ಲಿ ಸಾಮಾನ್ಯವಾಗಿ ಒಂದೇ ಪುಸ್ತಕದ 8ರಿಂದ 12 ಪ್ರತಿಗಳು, ಜೊತೆಗೆ ಚರ್ಚೆಯ ಪ್ರಶ್ನೆಗಳು ಇರುತ್ತವೆ. ಅವಧಿ ಹೆಚ್ಚಾಗಿ 6 ವಾರ. ಎಲ್ಲರ ಕೈಯಲ್ಲೂ ಒಂದೇ ಮುದ್ರಣ ಇರುವುದೇ ದೊಡ್ಡ ಲಾಭ: ‘ಪುಟ 84’ ಎಂದರೆ ಸಾಕು, ಎಲ್ಲರೂ ಅದೇ ಸಾಲಿಗೆ ಬರುತ್ತಾರೆ. ಬೇರೆ ಬೇರೆ ಮುದ್ರಣ ತಂದ ಕೂಟದಲ್ಲಿ ಸಾಲು ಹುಡುಕುವಷ್ಟರಲ್ಲೇ ಮಾತಿನ ಬಿಸಿ ಆರಿಹೋಗಿರುತ್ತದೆ.

ಎಡವುವುದು ಹಿಂದಿರುಗಿಸುವಾಗ. ಇಡೀ ಕಿಟ್ ಒಬ್ಬರ ಕಾರ್ಡಿನ ಮೇಲೆ ಹೋಗುವುದರಿಂದ ಒಂದು ಪ್ರತಿ ಕಾಣೆಯಾದರೂ ಹೊಣೆ ಅವರದೇ. ಯಾವ ಪ್ರತಿ ಯಾರಿಗೆ ಎಂದು ಹಂಚುವಾಗಲೇ ಬರೆದುಕೊಳ್ಳಿ, ಚರ್ಚೆ ಮುಗಿದ ಕೂಡಲೇ ವಾಪಸ್ ಪಡೆಯಿರಿ. ಕೂಟವನ್ನು 4ನೇ ವಾರಕ್ಕಿಟ್ಟರೆ, ಬಾರದವರ ಪ್ರತಿ ತರಿಸಿಕೊಳ್ಳಲು 2 ವಾರ ಉಳಿಯುತ್ತದೆ.

ಸಿದ್ಧ ಪ್ರಶ್ನೆಗಳು ಮಾತ್ರ ಬಹುಪಾಲು ಸಪ್ಪೆ. ‘ಯಾವ ಪಾತ್ರ ಇಷ್ಟವಾಯಿತು?’ ಎಂಬಂಥವು ಹತ್ತು ನಿಮಿಷಕ್ಕೇ ಸೊರಗುತ್ತವೆ. ಅದರ ಬದಲು ಪ್ರತಿಯೊಬ್ಬರೂ ತಮ್ಮನ್ನು ತಡೆದು ನಿಲ್ಲಿಸಿದ ಒಂದು ಪ್ಯಾರಾ ಗಟ್ಟಿಯಾಗಿ ಓದಲಿ. ಆಗ ಒಂದೂವರೆ ಗಂಟೆಯೂ ಸಾಲದು. ಗುರುತಿಗೆ ಪೆನ್ಸಿಲ್ ಬೇಡ, ಕಾಗದದ ಚೀಟಿ ಸಾಕು: ಅದೇ ಪ್ರತಿ ಮುಂದಿನ ಕೂಟಕ್ಕೂ ಹೋಗಬೇಕು.