ಪಾರ್ಕಿನ್ಸನ್ಸ್ ಗುಂಪಿನಲ್ಲಿ ಮೂರು ವರ್ಷ: ನಮ್ಮ ಅನುಭವ, 5ಕ್ಕೆ 4

ನಮ್ಮ ಮನೆಯವರು ಹೈಸ್ಕೂಲ್ ಮೇಷ್ಟ್ರಾಗಿದ್ದವರು. ಬೋರ್ಡಿನ ಮೇಲೆ ಇವರ ಅಕ್ಷರ ಮುತ್ತು ಪೋಣಿಸಿದ ಹಾಗಿರುತ್ತಿತ್ತು. ಐದು ವರ್ಷದ ಹಿಂದೆ, ಸಹಿ ಹೊಂದುತ್ತಿಲ್ಲ ಅಂತ ಬ್ಯಾಂಕಿನಿಂದ ಚೆಕ್ ವಾಪಸ್ ಬಂತು. ಆಮೇಲೆ ಗಮನಿಸಿದರೆ, ಸಾಲಿನ ಶುರುವಿನಲ್ಲಿ ಸರಿಯಾಗಿರುವ ಅಕ್ಷರ ಕೊನೆಗೆ ಬರುವಷ್ಟರಲ್ಲಿ ಸಾಸಿವೆ ಕಾಳಿನಷ್ಟು ಆಗಿರುತ್ತಿತ್ತು. ನರರೋಗದ ಡಾಕ್ಟರ್ ನೋಡಿ ಪಾರ್ಕಿನ್ಸನ್ಸ್ ಅಂದರು, ಕೈ ನಡುಗುವ, ನಡಿಗೆ ನಿಧಾನವಾಗುವ ಮಿದುಳಿನ ಕಾಯಿಲೆ.

ಅದಾಗಿ ಎರಡು ವರ್ಷ ಇವರು ಬಲಗೈಯನ್ನು ಜೇಬಿನಿಂದ ಹೊರಗೆ ತೆಗೆದಿದ್ದೇ ಕಡಿಮೆ. ಮದುವೆ ಮನೆಗೆ ಹೋದರೂ ಊಟಕ್ಕೆ ಕೂರುತ್ತಿರಲಿಲ್ಲ. ಕೈ ನಡುಗುವುದನ್ನು ಪಕ್ಕದ ಎಲೆಯವರು ನೋಡ್ತಾರೆ ಅಂತ. ಕೊನೆಗೆ ಮಗಳು ಹಟ ಮಾಡಿ ಬೆಂಗಳೂರಿನಲ್ಲೇ ಇರುವ, ಈ ಕಾಯಿಲೆಯವರೂ ಅವರನ್ನು ನೋಡಿಕೊಳ್ಳುವವರೂ ಸೇರುವ ಈ ಗುಂಪಿಗೆ ಸೇರಿಸಿದಳು. ತಿಂಗಳಿಗೆ ಎರಡು ಸಲ ಸೇರುತ್ತೇವೆ, ದುಡ್ಡು ತೆಗೆದುಕೊಳ್ಳುವುದಿಲ್ಲ. ಇಪ್ಪತ್ತು ಇಪ್ಪತ್ತೈದು ಜನ ಇರುತ್ತಾರೆ. ಕುರ್ಚಿಯಲ್ಲಿ ಕೂತು ವ್ಯಾಯಾಮ, ಆಮೇಲೆ ಜೋರಾಗಿ ಓದುವ ಅಭ್ಯಾಸ, ಆಮೇಲೆ ಮಾತುಕತೆ.

ಮೊದಲ ದಿನ ಕಾಫಿ ಕೊಟ್ಟರು. ಎಲ್ಲರ ಲೋಟದಲ್ಲೂ ಅರ್ಧವೇ ಕಾಫಿ. ಯಾಕೆ ಅಂತ ಯಾರೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಇವರು ಜೇಬಿನಿಂದ ಕೈ ತೆಗೆದು ಲೋಟ ಹಿಡಿದರು. ನಾನು ಆಚೆ ಮುಖ ಮಾಡಿ ಕಣ್ಣು ಒರೆಸಿಕೊಂಡೆ.

ಅವತ್ತೇ ಹೊರಡುವಾಗ ಬಾಗಿಲ ಹತ್ತಿರ ಇವರ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಟ್ಟಿತು. ಮನೆಯಲ್ಲೂ ಹೀಗೆ ಆಗುತ್ತಿತ್ತು, ನಾನು ಕೈ ಹಿಡಿದು ಎಳೆಯುತ್ತಿದ್ದೆ. ಅಲ್ಲಿದ್ದ ಒಬ್ಬರು, ಅವರಿಗೂ ಇದೇ ಕಾಯಿಲೆ, "ಎಳೀಬೇಡಿ ಅಕ್ಕ, ಬೀಳ್ತಾರೆ" ಅಂದರು. ತಮ್ಮ ಪಾದವನ್ನು ಇವರ ಪಾದದ ಮುಂದೆ ಅಡ್ಡ ಇಟ್ಟು, "ಮೇಷ್ಟ್ರೇ, ಇದನ್ನ ದಾಟಿ" ಅಂದರು. ಇವರು ಸಲೀಸಾಗಿ ದಾಟಿದರು! ತಾನಾಗಿಯೇ ನಡೆಯುವ ಅಭ್ಯಾಸ ಈ ಕಾಯಿಲೆಯಲ್ಲಿ ಕೈಕೊಡುತ್ತದೆ. ಆದರೆ ಕಣ್ಣೆದುರು ದಾಟುವಂಥದ್ದು ಏನಾದರೂ ಇದ್ದರೆ ಎಷ್ಟೋ ಜನಕ್ಕೆ ಕಾಲು ಏಳುತ್ತದಂತೆ. ಮನೆಗೆ ಬಂದು ಬಚ್ಚಲಮನೆ ಬಾಗಿಲಿನ ಮುಂದೆ ರಂಗೋಲಿಯಲ್ಲಿ ನಾಲ್ಕು ಗೆರೆ ಎಳೆದೆ. ಮಾರನೇ ದಿನ ಬಿಳಿ ಟೇಪು ತಂದು ಅಂಟಿಸಿದೆವು. ಇವತ್ತಿಗೂ ಅದೇ ಇದೆ.

ಮಾತ್ರೆಯ ವಿಷಯವೂ ಗೊತ್ತಾಗಿದ್ದು ಅಲ್ಲೇ. ಈ ಕಾಯಿಲೆಗೆ ಕೊಡುವ ಲೆವೊಡೋಪಾ ಅನ್ನುವ ಮಾತ್ರೆಯನ್ನು ನಾನು ಹಾಲಿನ ಜೊತೆ ಕೊಡುತ್ತಿದ್ದೆ, ಹೊಟ್ಟೆಗೆ ಒಳ್ಳೇದು ಅಂತ. ಹಾಲು, ಬೇಳೆ, ಮೊಟ್ಟೆಯ ಪ್ರೋಟೀನ್ ಆ ಔಷಧಿ ಮೈಗೆ ಸೇರುವುದನ್ನು ತಡೆಯಬಹುದು ಅಂತ ಗುಂಪಿನವರು ಹೇಳಿದಾಗ ಡಾಕ್ಟರನ್ನು ಕೇಳಿದೆ. ಅವರೂ ಹೌದು ಅಂದು, ಊಟ ತಿಂಡಿಗೆ ಅರ್ಧ ಗಂಟೆ ಮುಂಚೆ ನೀರಿನ ಜೊತೆ ಕೊಡಲು ಹೇಳಿದರು. ಆಮೇಲೆ ಬೆಳಗಿನ ಹೊತ್ತು ಎಷ್ಟೋ ವಾಸಿ. ಇನ್ನೊಂದು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಪಾರ್ಕಿನ್ಸನ್ಸ್ ಕೂಡ ಇದೆ. ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಗೆ, ಅರ್ಜಿ ಹಾಕಬಹುದು ಅಂತ ನಮಗೆ ಬೇರೆ ಯಾರೂ ಹೇಳಿರಲಿಲ್ಲ.

ಒಂದು ಅಂಕ ಯಾಕೆ ಕಡಿಮೆ ಕೊಟ್ಟೆ ಅಂದರೆ, ಮೊದಲ ವರ್ಷ ಸಭೆ ನಡೆಯುತ್ತಿದ್ದದ್ದು ಲಿಫ್ಟ್ ಇಲ್ಲದ ಮಹಡಿಯಲ್ಲಿ. ಹೇಳಿ ಹೇಳಿ ಸಾಕಾದ ಮೇಲೆ ಕೆಳಗೆ ಬಂತು. ಅದಕ್ಕಿಂತ ನನಗೆ ಬೇಸರವಾಗಿದ್ದು ನಸುಗುನ್ನಿ ಬೀಜದ ಪುಡಿ ಮಾರಲು ಒಬ್ಬರು ಬಂದಾಗ. ಆ ಬೀಜದಲ್ಲಿ ಲೆವೊಡೋಪಾ ಇರುವುದು ನಿಜ. ಅದಕ್ಕೇ ಭಯ ಜಾಸ್ತಿ. ಮಾತ್ರೆ ನುಂಗುವವರು ಅದರ ಮೇಲೆ ಪುಡಿಯನ್ನೂ ತಿಂದರೆ ಮೈಗೆ ಎಷ್ಟು ಔಷಧಿ ಹೋಯಿತು ಅಂತ ಲೆಕ್ಕವೇ ಸಿಗುವುದಿಲ್ಲ, ಅಲ್ವಾ? ನಡೆಸುವವರು ಅವತ್ತೇ ತಡೆಯಬೇಕಿತ್ತು, ತಡೆಯಲಿಲ್ಲ. ಆಮೇಲೆ ನಾವು ಕೆಲವರು ಗಟ್ಟಿಯಾಗಿ ಹೇಳಿ ಮಾರಾಟ ನಿಲ್ಲಿಸಿದೆವು.

ಹೊಸದಾಗಿ ಕಾಯಿಲೆ ಗೊತ್ತಾದವರು ಗಾಲಿಕುರ್ಚಿಯಲ್ಲಿ ಇರುವವರನ್ನು ನೋಡಿ ಹೆದರಿಕೊಳ್ಳುವುದೂ ಇದೆ. ಒಬ್ಬ ಹುಡುಗ, ನಲವತ್ತೂ ಆಗಿರಲಿಲ್ಲ, ಒಂದೇ ಸಲ ಬಂದು ಮತ್ತೆ ಬರಲಿಲ್ಲ. ಅವನ ಮುಖ ನನಗೆ ಈಗಲೂ ನೆನಪಾಗುತ್ತದೆ. ಅವನ ವಯಸ್ಸಿನವರಿಗೇ ಬೇರೆ ದಿನ ಇಟ್ಟರೆ ಒಳ್ಳೇದು.

ನೋಡಿಕೊಳ್ಳುವವರಿಗೆ ಅಂತ ಬೇರೆ ಕೋಣೆಯಲ್ಲಿ ಅರ್ಧ ಗಂಟೆ ಕೊಡುತ್ತಾರೆ. ಇವರು ರಾತ್ರಿ ನಿದ್ದೆಯಲ್ಲಿ ಕೂಗಿ ಕೈ ಬೀಸುವುದನ್ನು ನಾನು ಮಗಳಿಗೂ ಹೇಳಿರಲಿಲ್ಲ. ಅಲ್ಲಿ ಹೇಳಿದೆ. "ನಮ್ಮನೇಲೂ ಹಂಗೇ ಕಣ್ರೀ" ಅಂತ ಮೂರು ಜನ ಒಟ್ಟಿಗೆ ಅಂದರು. ಅದೂ ಈ ಕಾಯಿಲೆಯದ್ದೇ ಆಗಿರಬಹುದು, ಡಾಕ್ಟರಿಗೆ ಹೇಳಿ ಅಂತ ಅವರಿಂದಲೇ ಗೊತ್ತಾಯಿತು.

ಸೇರುವ ಮುಂಚೆ ಎರಡು ವಿಷಯ ಕೇಳಿಕೊಳ್ಳಿ. ಮೆಟ್ಟಿಲು ಇದೆಯಾ, ಎಷ್ಟು ಹೊತ್ತಿಗೆ ಶುರು. ನಿಮ್ಮವರ ಮಾತ್ರೆ ಚೆನ್ನಾಗಿ ಕೆಲಸ ಮಾಡುವ ಹೊತ್ತಿಗೆ ಸಭೆ ಹೊಂದಬೇಕು. ಮಾತ್ರೆ ಡಬ್ಬಿ, ನೀರಿನ ಬಾಟಲಿ ಜೊತೆಗಿರಲಿ. ಮೊದಲ ಸಲ ಅವರು ಮಾತಾಡದಿದ್ದರೆ ಒತ್ತಾಯ ಮಾಡಬೇಡಿ. ಇವರು ಬಾಯಿ ಬಿಟ್ಟಿದ್ದು ನಾಲ್ಕನೇ ಸಭೆಯಲ್ಲಿ. ಈಗ ಜೋರಾಗಿ ಓದುವ ಪಾಠ ನಡೆಸುವುದೇ ಮೇಷ್ಟ್ರು.