ಸ್ವಿಫ್ಟ್ ಡಿಕ್ಕಿಗೆ ಅಳತೆ ಕೊಟ್ಟು ಮಾಡಿಸಿದ ಸಬ್‌ವೂಫರ್ ಬಾಕ್ಸ್: ಮೂರು ವರ್ಷ ಬಳಸಿದ ಮೇಲೆ

ಒಳ್ಳೆಯ ಸಬ್‌ವೂಫರ್ (ಬಾಸ್‌ಗೆಂದೇ ಇರುವ ದೊಡ್ಡ ಸ್ಪೀಕರ್, ಚಿಕ್ಕದಾಗಿ ಸಬ್) ಇದ್ದೂ ಬಾಸ್ ಗುಂಯ್ ಅಂತ ಮಾತ್ರ ಕೇಳುತ್ತಿದ್ದರೆ ಮೊದಲು ಬಾಕ್ಸ್ ಬದಲಾಯಿಸಿ. ನನ್ನ 12 ಇಂಚಿನ ಸಬ್ ಮೊದಲು ಅಂಗಡಿಯವರು ಕೊಟ್ಟ ರೆಡಿಮೇಡ್ ಬಾಕ್ಸ್‌ನಲ್ಲಿತ್ತು. ಆಮೇಲೆ ತುಮಕೂರಿನಲ್ಲೇ, ಅಡುಗೆಮನೆ ಕಪಾಟು ಮಾಡುವ ಬಡಗಿಯೊಬ್ಬರಿಂದ ಹೊಸ ಬಾಕ್ಸ್ ಮಾಡಿಸಿದೆ. ಸಬ್‌ಗೆ ಕೊಟ್ಟ ದುಡ್ಡಿನ ಕಾಲು ಭಾಗವೂ ಖರ್ಚಾಗಲಿಲ್ಲ. ಅದೇ ಸಬ್, ಅದಕ್ಕೆ ಪವರ್ ಕೊಡುವ ಅದೇ ಆಂಪ್ಲಿಫೈಯರ್ (ಆಂಪ್), ಆದರೆ ಕೇಳುವ ಸದ್ದೇ ಬೇರೆ.

ಬಡಗಿ ಕೇಳಿದ್ದು, "ಸಾರ್, ಉದ್ದ ಅಗಲ ಎತ್ತರ ಹೇಳಿ ಸಾಕು" ಅಂತ. ಸಾಲದು. ಸಬ್‌ಗೆ ಬೇಕಾಗಿರುವುದು ಒಳಗಿನ ಗಾಳಿಯ ಲೆಕ್ಕ. ಸಬ್ ಜೊತೆ ಬರುವ ಹಾಳೆಯಲ್ಲಿ ಎಷ್ಟು ಲೀಟರ್ ಬೇಕು ಅಂತ ಬರೆದಿರುತ್ತದೆ. ನನ್ನದಕ್ಕೆ ಸುಮಾರು 35 ಲೀಟರ್. ನಮ್ಮ ಬಾಕ್ಸ್ ಹೊರಗಿನಿಂದ 50 ಸೆಂ.ಮೀ. ಅಗಲ, 36 ಸೆಂ.ಮೀ. ಎತ್ತರ. ಹಿಂದಿನ ಸೀಟಿನ ಓರೆಗೆ ಒರಗಿ ಕೂರಲೆಂದು ಕೆಳಗೆ 36, ಮೇಲೆ 24 ಸೆಂ.ಮೀ. ಆಳ ಇಟ್ಟೆವು. ಹೊರಗಿನ ಲೆಕ್ಕದಲ್ಲಿ ಅದು 54 ಲೀಟರ್. 18 ಎಂ.ಎಂ. ಹಲಗೆಯ ದಪ್ಪ ಎಲ್ಲಾ ಕಡೆ ಕಳೆದರೆ 40ಕ್ಕೆ ಇಳಿಯುತ್ತದೆ. ಸಬ್‌ನ ಮ್ಯಾಗ್ನೆಟ್, ಒಳಗಿನ ಅಡ್ಡಪಟ್ಟಿ ತಿನ್ನುವ ಜಾಗ ಬಿಟ್ಟರೆ ಉಳಿಯುವುದು 35. ಈ ಕಳೆಯುವ ಲೆಕ್ಕವನ್ನು ಬಡಗಿಯ ಜೊತೆ ಕೂತು ಮಾಡಿ, ಆಮೇಲೆ ಹಲಗೆ ಕೊಯ್ಯಿಸಿ.

ಪೋರ್ಟ್ ಬಾಕ್ಸ್, ಅಂದರೆ ಗಾಳಿ ಆಡಲು ಕೊಳವೆಯಂಥ ದಾರಿ ಬಿಟ್ಟ ಬಾಕ್ಸ್ ಮಾಡಿಸು ಅಂತ ಸ್ನೇಹಿತರು ಒತ್ತಾಯಿಸಿದರು. ಅದರಲ್ಲಿ ಸದ್ದು ಜಾಸ್ತಿ ಬರುವುದು ನಿಜ. ಆದರೆ ಬಾಕ್ಸ್ ದೊಡ್ಡದಾಗುತ್ತದೆ, ಪೋರ್ಟಿನ ಉದ್ದ ತಪ್ಪಿದರೆ ಇಡೀ ಕೆಲಸ ಕೆಡುತ್ತದೆ. ಪೋರ್ಟ್ ಟ್ಯೂನ್ ಆದ ಫ್ರೀಕ್ವೆನ್ಸಿಗಿಂತ ಕೆಳಗೆ ಕೋನ್‌ಗೆ (ಸಬ್‌ನಲ್ಲಿ ಹಿಂದೆ ಮುಂದೆ ಅಲುಗುವ ಭಾಗ) ಗಾಳಿಯ ತಡೆಯೂ ಇರುವುದಿಲ್ಲ. ಹಾಗಾಗಿ ಎಲ್ಲಾ ಕಡೆ ಮುಚ್ಚಿದ ಸೀಲ್ಡ್ ಬಾಕ್ಸ್ ಮಾಡಿಸಿದೆ. ಅದರಲ್ಲಿ ಬಾಸ್ ಕೆಳಗಿಳಿದಂತೆ ನಿಧಾನವಾಗಿ, ಆಕ್ಟೇವ್‌ಗೆ (ಫ್ರೀಕ್ವೆನ್ಸಿ ಅರ್ಧಕ್ಕಿಳಿದಾಗಲೆಲ್ಲ) 12 ಡೆಸಿಬೆಲ್‌ನಂತೆ ಕಡಿಮೆಯಾಗುತ್ತದೆ, ಪೋರ್ಟ್‌ನಲ್ಲಿ 24. ಸಣ್ಣ ಕಾರಿನೊಳಗೆ ತೀರಾ ಕೆಳಗಿನ ಬಾಸ್ ತಾನಾಗಿಯೇ ಏರುವುದರಿಂದ ಸೀಲ್ಡ್ ಬಾಕ್ಸ್‌ನ ಕೊರತೆ ಬಹುಪಾಲು ತುಂಬಿಹೋಗುತ್ತದೆ. ಡೊಳ್ಳಿನ ರೆಕಾರ್ಡಿಂಗ್ ಹಾಕಿದರೆ ಈಗ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಬಿದ್ದು ಅಲ್ಲೇ ನಿಲ್ಲುತ್ತದೆ. ನನಗೆ ಬೇಕಾಗಿದ್ದದ್ದು ಇದೇ. ಆಂಪ್‌ನಲ್ಲಿ ಲೋ ಪಾಸ್ (ಮೇಲಿನ ಸದ್ದು ಸಬ್‌ಗೆ ಹೋಗದಂತೆ ತಡೆಯುವ ಫಿಲ್ಟರ್) 80 ಹರ್ಟ್ಸ್‌ಗೆ ಇಟ್ಟಿದ್ದೇನೆ.

ಹಲಗೆ ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ್ದು. ಪ್ರತಿ ಕೂಡುವಿಕೆಗೂ ಅಂಟು ಮತ್ತು ಸ್ಕ್ರೂ, ಒಳಮೂಲೆಗಳಿಗೆಲ್ಲ ಸಿಲಿಕಾನ್. ಸಿಲಿಕಾನ್ ಪೂರ್ತಿ ಒಣಗಿ ವಾಸನೆ ಹೋದ ಮೇಲೇ ಸಬ್ ಕೂರಿಸಬೇಕು. ಗಾಳಿ ಸೋರುತ್ತದೆಯೇ ಅಂತ ನೋಡಲು ಕೋನ್ ಅನ್ನು ಅಂಗೈಯಿಂದ ಮೆಲ್ಲಗೆ ಒತ್ತಿ ಬಿಡಿ. ಒಳಗಿನ ಗಾಳಿ ತಡೆದು ಅದು ನಿಧಾನವಾಗಿ ಮೇಲೆ ಬಂದರೆ ಸರಿ. ತಟ್ಟನೆ ಬಂದರೆ ಎಲ್ಲೋ ಸೋರಿಕೆಯಿದೆ.

ಗುಬ್ಬಿ, ತಿಪಟೂರು ಕಡೆ ಹಂಪುಗಳ ಮೇಲೆ ಇಷ್ಟು ಓಡಾಡಿದರೂ ಒಂದು ಕೂಡುವಿಕೆಯೂ ಬಿಟ್ಟಿಲ್ಲ, ಗಡಗಡ ಸದ್ದಿಲ್ಲ. ಬಿಸಿಲಲ್ಲಿ ನಿಲ್ಲುವ ಕಾರಾದ್ದರಿಂದ ಮೇಲಿನ ಅಂಚಿನ ಕಾರ್ಪೆಟ್ ಮಾತ್ರ ಎದ್ದಿತ್ತು, ಮತ್ತೆ ಅಂಟಿಸಿದೆ. ಎಂಡಿಎಫ್‌ಗೆ ನೀರು ಶತ್ರು. ತಳ ಒಮ್ಮೆ ನೀರು ಕುಡಿದು ಉಬ್ಬಿದರೆ ಸರಿಹೋಗದು, ಹಾಗಾಗಿ ಕೆಳಗೆ ರಬ್ಬರ್ ಹಾಳೆ ಹಾಸಿದ್ದೇನೆ.

ಕಷ್ಟವಾಗಿರುವುದು ಜಾಗದ್ದು. 268 ಲೀಟರ್ ಡಿಕ್ಕಿಯಲ್ಲಿ ಐದನೇ ಒಂದು ಭಾಗ ಹೋಯಿತು. ಊರಿಂದ ತೆಂಗಿನಕಾಯಿ ಮೂಟೆ ತರುವಾಗ ಮನೆಯವರಿಗೆ ಬೇಸರ, ಅದು ನ್ಯಾಯವೂ ಹೌದು. ಬರೀ ಬಾಕ್ಸೇ 12 ಕೆಜಿ ತೂಗುತ್ತದೆ. ಸ್ಟೆಪ್ನಿ ತೆಗೆಯಲು ಅದನ್ನು ಇಳಿಸಲೇಬೇಕು. ವೈರಿಗೆ ಸುಲಭವಾಗಿ ಬಿಚ್ಚುವ ಕನೆಕ್ಟರ್ ಹಾಕಿಸಿ.

ಬ್ಯಾಟರಿಯಿಂದ ಆಂಪ್‌ಗೆ ಬರುವ ದಪ್ಪ ವೈರಿಗೆ, ಬ್ಯಾಟರಿಯಿಂದ 45 ಸೆಂ.ಮೀ. ಒಳಗೇ ಫ್ಯೂಸ್ ಇರಬೇಕು. ವೈರ್ ಎಲ್ಲಾದರೂ ಉಜ್ಜಿ ಕಾರಿನ ಲೋಹಕ್ಕೆ ತಾಗಿದರೆ ಬೆಂಕಿ ತಪ್ಪಿಸುವುದು ಆ ಫ್ಯೂಸೇ. ಅದನ್ನು ಹಾಕದೆ ವೈರ್ ಎಳೆಯುವವರ ಕೈಗೆ ಕಾರು ಕೊಡಬೇಡಿ.