ಬಿಚ್ಚುವ ಮೊದಲು ಓಡಿಸಿ ನೋಡುವ ಗೇರ್‌ಬಾಕ್ಸ್ ಗ್ಯಾರೇಜ್

ಆಟೋಮ್ಯಾಟಿಕ್ ಕಾರು ಸ್ವಲ್ಪ ನಡುಗಿದರೆ ಸಾಕು, ‘ಗೇರ್‌ಬಾಕ್ಸ್ ಹೋಯ್ತು’ ಅನ್ನುವವರೇ ಜಾಸ್ತಿ. ನನ್ನ 6 ಗೇರಿನ ಡೀಸೆಲ್ ಗಾಡಿಗೂ ಒಂದು ಸರ್ವೀಸ್ ಸೆಂಟರ್‌ನಲ್ಲಿ ಹಾಗೇ ಅಂದರು. ಓಡಿಸಿಯೂ ನೋಡಲಿಲ್ಲ, ಲಕ್ಷ ದಾಟಿದ ಎಸ್ಟಿಮೇಟ್ ಕೈಗಿಟ್ಟರು. ಆಮೇಲೆ ಹೋಗಿದ್ದು ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಈ ಸಣ್ಣ ಗ್ಯಾರೇಜಿಗೆ. ಇಲ್ಲಿ ಗೇರ್‌ಬಾಕ್ಸ್ ಕೆಲಸ ಬಿಟ್ಟು ಬೇರೇನೂ ಮಾಡಲ್ಲ.

ಮೆಕ್ಯಾನಿಕ್ ಬಾನೆಟ್ ಎತ್ತಲೇ ಇಲ್ಲ. ಮೊದಲು ಕೇಳಿದ್ದು, “ಯಾವಾಗ ನಡುಗುತ್ತೆ ಸರ್? ತಣ್ಣಗಿದ್ದಾಗಲಾ, ಬಿಸಿಯಾದ ಮೇಲಾ?” ಬಿಸಿಯಾದ ಮೇಲೆ, 60ರ ಆಸುಪಾಸಿನಲ್ಲಿ, ಆಕ್ಸಿಲರೇಟರ್ ಹಗುರಾಗಿ ಒತ್ತಿಕೊಂಡು ಹೋಗುವಾಗ ಎಂದೆ. ರಸ್ತೆಗೆ ಅಡ್ಡ ಬಳಿದ ದಪ್ಪ ಪಟ್ಟಿಗಳ ಮೇಲೆ ಹೋದ ಹಾಗೆ ಗಡಗಡ.

ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ಓದುವ ಉಪಕರಣ) ಹಾಕಿಕೊಂಡು ರಿಂಗ್ ರೋಡಿಗೆ ಹೋದೆವು. ಓಡಿಸಿದ್ದು ಅವರೇ. ನಡುಕ ಶುರುವಾಯಿತು. ಬಲಗಾಲು ಹಾಗೇ ಇಟ್ಟು, ಎಡಗಾಲಲ್ಲಿ ಬ್ರೇಕ್ ಪೆಡಲನ್ನು ಸುಮ್ನೆ ಮುಟ್ಟಿದರು. ನಡುಕ ಟಕ್ಕನೆ ನಿಂತಿತು! ಇಂಜಿನ್ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವುದು ಟಾರ್ಕ್ ಕನ್ವರ್ಟರ್, ಅದರೊಳಗೆ ಎರಡನ್ನೂ ನೇರವಾಗಿ ಜೋಡಿಸುವುದು ಲಾಕ್‌ಅಪ್ ಕ್ಲಚ್. ಬ್ರೇಕ್ ಮುಟ್ಟಿದ ಕೂಡಲೇ ಈ ಕ್ಲಚ್ ಬಿಡುತ್ತದೆ, ಅಂದರೆ ನಡುಕ ಅದರದ್ದೇ. ಇಂಜಿನ್ ಮಿಸ್ ಆಗುತ್ತಿದ್ದರೆ ಅಷ್ಟಕ್ಕೇ ನಿಲ್ಲುತ್ತಿರಲಿಲ್ಲ. ಸ್ಕ್ಯಾನರಿನಲ್ಲೂ ತೋರಿಸಿದರು: ಲಾಕ್ ಆದಾಗ ಇಂಜಿನ್ ಮತ್ತು ಟರ್ಬೈನ್ (ಕನ್ವರ್ಟರಿನಲ್ಲಿ ಗೇರ್‌ಬಾಕ್ಸ್ ಕಡೆಯ ಚಕ್ರ) ಆರ್‌ಪಿಎಂ ಹೆಚ್ಚುಕಡಿಮೆ ಒಂದೇ ಇರಬೇಕು, ನನ್ನದರಲ್ಲಿ ಎರಡರ ಅಂತರ ಒಂದೇ ಸಮ ಕುಣಿಯುತ್ತಿತ್ತು. ಪಿ0741 (ಲಾಕ್‌ಅಪ್ ಕ್ಲಚ್ ಸರಿಯಾಗಿ ಹಿಡಿಯುತ್ತಿಲ್ಲ ಎನ್ನುವ ದೋಷದ ಕೋಡ್) ಥರದ ಕೋಡ್ ಯಾವುದೂ ಬಂದಿರಲಿಲ್ಲ. ಜಾರುವುದು ಮಿತಿ ದಾಟಿದ ಮೇಲಷ್ಟೇ ಕೋಡ್ ಬೀಳುತ್ತದೆ, ಅದಕ್ಕೇ ಬರೀ ಸ್ಕ್ಯಾನರ್ ನಂಬಿ ‘ಏನೂ ಇಲ್ಲ’ ಅನ್ನುವವರೂ ಇದ್ದಾರೆ.

ಸ್ಟಾಲ್ ಟೆಸ್ಟ್ ಮಾಡಲ್ವಾ ಎಂದು ಕೇಳಿದೆ. ಬೇಡ ಎಂದರು. ಗೇರ್ ಎಲ್ಲವೂ ಸರಿಯಾಗಿ ಬೀಳುತ್ತಿವೆ, ಎಲ್ಲೂ ಆರ್‌ಪಿಎಂ ಸುಮ್ನೆ ಮೇಲೆ ಏರುತ್ತಿಲ್ಲ, ಮತ್ತೆ ಯಾಕೆ ಬ್ರೇಕ್ ಒತ್ತಿ ಫುಲ್ ರೇಸ್ ಕೊಟ್ಟು ಎಣ್ಣೆ ಕಾಯಿಸೋದು? ಈ ಮಾತು ನನಗೆ ತುಂಬಾ ಹಿಡಿಸಿತು.

ಮೊದಲು ಎಣ್ಣೆ ಬದಲಿಸಿ ನೋಡಲು ಪ್ಯಾನ್ (ಗೇರ್‌ಬಾಕ್ಸ್ ತಳದ ಎಣ್ಣೆ ತಟ್ಟೆ) ಬಿಚ್ಚಿದಾಗ ಕರೆದು ತೋರಿಸಿದರು. ಎಣ್ಣೆ ಕೆಂಪಿರಲಿಲ್ಲ, ಕಾಫಿ ಡಿಕಾಕ್ಷನ್ ಬಣ್ಣ. ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣ್ಣನೆ ಪೇಸ್ಟ್. ಬೆರಳಲ್ಲಿ ಉಜ್ಜಿ ನೋಡಿದೆ, ಚುಚ್ಚುವ ಚೂರು ಒಂದೂ ಇಲ್ಲ. ಅಷ್ಟು ಪೇಸ್ಟ್ ಮಾಮೂಲಿ, ಲೋಹದ ಚೂರು ಸಿಕ್ಕಿದ್ದರೆ ಗೇರ್‌ಬಾಕ್ಸ್ ಇಳಿಸಲೇಬೇಕಿತ್ತು ಎಂದರು. ಮ್ಯಾನ್ಯುಯಲ್‌ನಲ್ಲಿ ಹೇಳಿದ ಎಣ್ಣೆಯನ್ನೇ ಹಾಕಿ, ಸ್ವಲ್ಪ ಓಡಿಸಿ, ಮತ್ತೆ ಇಳಿಸಿ ಹೊಸದು ತುಂಬಿದರು. ಪ್ಲಗ್ ಬಿಚ್ಚಿದರೆ ಎಣ್ಣೆ ಪೂರ್ತಿ ಬರುವುದಿಲ್ಲ, ಬಹಳಷ್ಟು ಕನ್ವರ್ಟರಿನಲ್ಲೇ ಉಳಿಯುತ್ತದೆ. ಲೆವೆಲ್ ನೋಡಿದ್ದೂ ಎಣ್ಣೆಯ ಟೆಂಪರೇಚರ್ ಅಳೆದುಕೊಂಡೇ.

ಈಗ ನಡುಕ ಇಲ್ಲ. ಕ್ಲಚ್ ಲೈನಿಂಗ್ ಸವೆದಿದ್ದರೆ ಮತ್ತೆ ಬರಬಹುದು, ಆಗ ಕನ್ವರ್ಟರ್ ಇಳಿಸಬೇಕಾಗುತ್ತದೆ ಎಂದು ಮೊದಲೇ ಹೇಳಿದ್ದಾರೆ. ಬಿಲ್ಲಿನಲ್ಲಿ ಎಣ್ಣೆಯದೇ ದೊಡ್ಡ ಪಾಲು, ಟೆಸ್ಟ್ ಡ್ರೈವಿಗೆ ದುಡ್ಡು ಹಾಕಿಲ್ಲ.

ಕೊರತೆ ಇಲ್ಲ ಅಂತಲ್ಲ. ಕೂರಲು ನೆರಳಿಲ್ಲ, ಫೋನ್ ಎತ್ತುವುದು ಅಪರೂಪ, ಹೇಳಿದ ಹೊತ್ತಿಗೆ ಗಾಡಿ ಸಿಗಲ್ಲ. ಹೋಗುವವರು ಹಿಂದಿನ ಸಂಜೆಯೇ ಗಾಡಿ ಬಿಟ್ಟು ಬನ್ನಿ. ಬೆಳಿಗ್ಗೆ ತಣ್ಣಗಿದ್ದಾಗ ಒಮ್ಮೆ, ಬಿಸಿಯಾದ ಮೇಲೆ ಒಮ್ಮೆ ಓಡಿಸಿ ನೋಡಲು ಅವರಿಗೂ ಅನುಕೂಲ.